ಬೀರು ತುಂಬಿಸುವ ಮೊದಲು ಟೈಲರ್ ಹುಡುಕಿ

ಸ್ಲೋ ಫ್ಯಾಶನ್ ಅಂದ ಕೂಡಲೇ ನಮ್ಮೂರಿನ ತುಂಬಾ ಜನಕ್ಕೆ ಬೆಂಗಳೂರಿನ ಯಾವುದೋ ದುಬಾರಿ ಅಂಗಡಿ ನೆನಪಾಗುತ್ತದೆ. ಮಾಸಲು ಬಣ್ಣದ ಲಿನನ್ ಕುರ್ತಾ, ಐದಾರು ಸಾವಿರದ ಚೀಟಿ. ಅದು ನಮ್ಮಂಥವರಿಗಲ್ಲ ಬಿಡು ಅಂತ ಸುಮ್ಮನಾಗುತ್ತೇವೆ. ನಾನಿದನ್ನು ಒಪ್ಪುವುದಿಲ್ಲ. ಸ್ಲೋ ಫ್ಯಾಶನ್ ಅಂದರೆ ಕಡಿಮೆ ಬಟ್ಟೆ ಇಟ್ಟುಕೊಂಡು, ಅದನ್ನೇ ಬಹಳ ದಿನ, ಯಾರ ಹೊಟ್ಟೆಯ ಮೇಲೂ ಹೊಡೆಯದೆ ಚೆನ್ನಾಗಿ ಉಡುವುದು, ಅಷ್ಟೆ. ಅದಕ್ಕೆ ನಮ್ಮ ದಾವಣಗೆರೆಯಲ್ಲಿ ಏನು ಕಡಿಮೆಯಾಗಿದೆ? ಕಟ್‌ಪೀಸ್ ಅಂಗಡಿ ಇದೆ, ಮ್ಯಾಚಿಂಗ್ ಸೆಂಟರ್ ಇದೆ, ಖಾದಿ ಸಿಗುತ್ತದೆ, ಬಡಾವಣೆಗೆ ಇಬ್ಬರು ಮೂವರು ಟೈಲರ್ ಇದ್ದಾರೆ. ಈ ಟೈಲರ್‌ಗಳನ್ನೇ ನಾವು ಕೈಯಾರೆ ಕಳೆದುಕೊಳ್ಳುತ್ತಿದ್ದೇವೆ. ಇವತ್ತು ಬರೆಯಬೇಕು ಅನ್ನಿಸಿದ್ದು ಅದಕ್ಕೇ.

ಫೋನಿನಲ್ಲಿ ತರಿಸಿದ ಕುರ್ತಾ ಭುಜದ ಹತ್ತಿರ ಸಡಿಲ, ಸೊಂಟದ ಹತ್ತಿರ ಬಿಗಿ. ವಾಪಸ್ ಕಳಿಸುವುದಕ್ಕೆ ಬೇಜಾರು. ಒಂದೆರಡು ಸಲ ಹಾಕುತ್ತೇವೆ, ಆಮೇಲೆ ಅದು ಬೀರುವಿನ ಹಿಂದಕ್ಕೆ ಸರಿಯುತ್ತದೆ. ನಮ್ಮಲ್ಲಿ ಬಹಳಷ್ಟು ಬಟ್ಟೆ ಮೂಲೆ ಸೇರುವುದು ಹರಿದು ಹೋಗಿ ಅಲ್ಲ, ಮೈಗೆ ಸರಿಯಾಗಿ ಕೂರದೆ. ಅಳತೆ ತೆಗೆದುಕೊಂಡು ಹೊಲಿದ ಬಟ್ಟೆಗೆ ಈ ಗತಿ ಬರುವುದು ಅಪರೂಪ. ಒಳ್ಳೆ ಟೈಲರ್ ಬದಿಯ ಹೊಲಿಗೆಯ ಒಳಗೆ ಒಂದೂವರೆ ಎರಡು ಇಂಚು ಬಟ್ಟೆ ಬಿಟ್ಟಿರುತ್ತಾರೆ. ಮೈ ಬಂದರೆ ಬಿಚ್ಚಬಹುದು, ಇಳಿದರೆ ಹಿಡಿಯಬಹುದು. ಅಗ್ಗದ ರೆಡಿಮೇಡ್ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ನೋಡಿ. ಓವರ್‌ಲಾಕ್ ಹೊಲಿಗೆ ಅಂಚಿಗೇ ಬಂದಿರುತ್ತದೆ. ಬಿಚ್ಚೋಣ ಅಂದರೆ ಒಳಗೆ ಬಟ್ಟೆಯೇ ಇರುವುದಿಲ್ಲ.

ಒಂದೇ ಬಟ್ಟೆಯನ್ನು ನಾನಾ ರೀತಿಯಲ್ಲಿ ಉಡುವುದಕ್ಕೆ ದೊಡ್ಡ ಅಡ್ಡಿ ಈ 'ಸೆಟ್' ಅನ್ನುವುದು. ಟಾಪು, ಪ್ಯಾಂಟು, ದುಪಟ್ಟಾ ಮೂರೂ ಒಂದೇ ಪ್ರಿಂಟಿನಲ್ಲಿ ಬಂದರೆ ಆ ಮೂರೂ ಬೇರೆ ಯಾವುದಕ್ಕೂ ಹೊಂದುವುದಿಲ್ಲ. ಒಂದಕ್ಕೆ ಕಲೆಯಾದರೆ ಉಳಿದೆರಡೂ ಮೂಲೆಗೆ. ಬಿಡಿಬಿಡಿಯಾಗಿ ತನ್ನಿ. ಪ್ಯಾಂಟುಗಳು ಕಪ್ಪು, ಕಡುನೀಲಿ, ಇಲ್ಲವೇ ಹಾಲುಬಿಳುಪಿನಲ್ಲಿರಲಿ. ಟಾಪಿನ ಬಣ್ಣಗಳು ಈ ಮೂರಕ್ಕೂ ಒಪ್ಪುವಂತಿರಲಿ. ಪ್ರಿಂಟಿನ ಆಸೆಯನ್ನು ದುಪಟ್ಟಾದಲ್ಲಿ ತೀರಿಸಿಕೊಳ್ಳಿ. ಮೂರು ಪ್ಯಾಂಟು, ಐದು ಟಾಪು ಅಂದರೆ ಹದಿನೈದು ಜೋಡಿ ಆಯಿತಲ್ವಾ? ಕಾಲೇಜಿಗೆ, ಆಫೀಸಿಗೆ ಇದಕ್ಕಿಂತ ಜಾಸ್ತಿ ಯಾಕೆ ಬೇಕು?

ಸೀರೆಯ ವಿಷಯದಲ್ಲಿ ನನಗೆ ಇನ್ನೂ ಗಟ್ಟಿ ಅಭಿಪ್ರಾಯ ಇದೆ. ಒಂದೊಂದು ಸೀರೆಗೂ ಅದರ ಜೊತೆ ಬಂದ ಪೀಸನ್ನೇ ಹೊಲಿಸಬೇಕು ಅನ್ನುವ ಹಟ ಬಿಡಬೇಕು. ಮೂವತ್ತು ಸೀರೆಗೆ ಮೂವತ್ತು ಬ್ಲೌಸ್, ವರ್ಷ ಕಳೆಯುವುದರೊಳಗೆ ಅರ್ಧದಷ್ಟು ಬಿಗಿ. ಅದರ ಬದಲು ಒಳ್ಳೆಯ ಹತ್ತಿ ಬಟ್ಟೆ ತೆಗೆದುಕೊಂಡು ಕಪ್ಪು, ಮರೂನ್, ಸಾಸಿವೆ ಬಣ್ಣದಲ್ಲಿ ಒಂದೊಂದು ಬ್ಲೌಸ್ ಹೊಲಿಸಿ. ನೇಕಾರಿಕೆಯ ಖಣದ್ದು ಒಂದು ಇರಲಿ. ಗುಳೇದಗುಡ್ಡದ ಖಣ ಸಾದಾ ಸೀರೆಯ ಮೇಲೆ ಎಷ್ಟು ಎದ್ದು ಕಾಣುತ್ತದೆ ಅಂತ ಉಟ್ಟವರಿಗೇ ಗೊತ್ತು. ಈ ನಾಲ್ಕರಲ್ಲಿ ನಿಮ್ಮ ಬಹುಪಾಲು ಸೀರೆಗಳು ನಡೆದುಹೋಗುತ್ತವೆ. ಅಂಗಡಿಯಲ್ಲಿ ಸುಮ್ನೆ ಒಂದು ದಿನ ಬ್ಲೌಸ್ ಕೈಯಲ್ಲಿ ಹಿಡಿದು ಸೀರೆ ನೋಡಿ. ಸೀರೆ ಹಿಡಿದು ಬ್ಲೌಸ್ ಹುಡುಕುವುದಕ್ಕಿಂತ ಖರ್ಚು ತಾನಾಗಿ ಕಡಿಮೆಯಾಗುತ್ತದೆ.

ಮದುವೆಗೆ ರೇಷ್ಮೆ ಬೇಕು ಅನ್ನುವವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರನ್ನು ಯಾಕೆ ಮರೆಯುತ್ತಾರೋ ನನಗೆ ಅರ್ಥವಾಗುವುದಿಲ್ಲ. 1997ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯವರೇ. ಅಂದರೆ ಅದು ನಮ್ಮದೇ ಜಿಲ್ಲೆಯ ಸೀರೆ. ಅದಕ್ಕೆ ಜಿಐ, ಅಂದರೆ ಇದು ಆ ಊರಿನದೇ ಸರಕು ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಕೈಮಗ್ಗದಲ್ಲಿ ಅಂಚಿಗೊಂದು ಬಣ್ಣ, ಒಡಲಿಗೊಂದು ಬಣ್ಣ ಬರಬೇಕಾದರೆ ಲಾಳಿಗಳು ಬೇರೆ ಬೇರೆ, ಎರಡೂ ಸೇರುವ ಕಡೆ ಎಳೆ ಎಳೆಯಾಗಿ ಕೂಡಿಸಬೇಕು. ದಿನಗಟ್ಟಲೆ ಕೂತು ಮಾಡುವ ಕೆಲಸ. ಇಂಥದ್ದೊಂದು ಸೀರೆ ಇದ್ದರೆ ಹತ್ತಾರು ಮದುವೆ, ಗೃಹಪ್ರವೇಶ, ದುಗ್ಗಮ್ಮನ ಜಾತ್ರೆ ಎಲ್ಲಕ್ಕೂ ಆಗುತ್ತದೆ. ಹೋದ ಮದುವೆಗೂ ಇದನ್ನೇ ಉಟ್ಟಿದ್ದೆಯಲ್ಲ ಅಂತ ಯಾರಾದರೂ ಕೇಳಿದರೆ ಹೌದು ಅನ್ನಿ. ಅದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ.

ಬಟ್ಟೆ ಯಾವುದು ಅಂತ ಗುರುತು ಹಿಡಿಯುವುದನ್ನಂತೂ ಕಲಿಯಲೇಬೇಕು. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಆ ಕಾಲ ಮುಗಿಯಿತು, ಹೊಲಗಳಲ್ಲೂ ಈಗ ಕಣ್ಣು ಹಾಯಿಸಿದಷ್ಟು ಮೆಕ್ಕೆಜೋಳ. ಆದರೂ ಥಾನು ಬಿಚ್ಚಿಸಿ, ಬೆರಳ ನಡುವೆ ಉಜ್ಜಿ ನೋಡಿ ಕೊಳ್ಳುವ ಹಿರಿಯರು ಹಳೇಪೇಟೆ ಕಡೆ ಇನ್ನೂ ಸಿಗುತ್ತಾರೆ. ಅವರ ಪಕ್ಕ ನಿಂತು ನೋಡಿ. ಅನುಮಾನ ಬಂದರೆ ಅಂಚಿನಿಂದ ಎರಡು ಎಳೆ ಎಳೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ರೇಷ್ಮೆ, ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. 'ಕಾಟನ್ ಫೀಲ್', 'ಸೆಮಿ ಸಿಲ್ಕ್' ಅಂತ ಬರೆದಿದ್ದರೆ ಹುಷಾರಾಗಿರಿ. ಏಪ್ರಿಲ್ ತಿಂಗಳ ನಮ್ಮೂರ ಬಿಸಿಲಲ್ಲಿ ಪಾಲಿಯೆಸ್ಟರ್ ಹಾಕಿಕೊಂಡು ಬಸ್ಸಿನಲ್ಲಿ ನಿಲ್ಲುವ ಕಷ್ಟ ಹೇಳುವುದೇ ಬೇಡ. ಅದು ಪ್ಲಾಸ್ಟಿಕ್. ತೊಳೆದಾಗಲೆಲ್ಲ ಸಣ್ಣ ಸಣ್ಣ ಎಳೆ ನೀರಿಗೆ ಬಿಡುತ್ತದೆ.

ಹಾಗಂತ ಹತ್ತಿ ಅಂದ ಮಾತ್ರಕ್ಕೆ ಎಲ್ಲ ಸರಿಯಾಯಿತು ಅಂತಲ್ಲ. ಒಂದು ಹತ್ತಿ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕು ಅನ್ನುವ ಅಂದಾಜಿದೆ. ಜಗಳೂರು ಕಡೆಯ ಬರ ನೋಡಿದವರಿಗೆ ಈ ಲೆಕ್ಕದ ಭಾರ ಬಿಡಿಸಿ ಹೇಳಬೇಕಿಲ್ಲ. ಹತ್ತಿಯನ್ನು ಕೊಂಡರೂ ಕಡಿಮೆ ಕೊಳ್ಳಬೇಕು, ಕೊಂಡದ್ದನ್ನು ತೇಯುವವರೆಗೆ ಹಾಕಬೇಕು. ಬಣ್ಣದಲ್ಲೂ ನೋಡಿ. ನಮ್ಮ ಚನ್ನಗಿರಿ ಕಡೆ ಅಡಿಕೆ ಬೇಯಿಸಿದಾಗ ಚೊಗರು ಅನ್ನುವ ಕೆಂಪು ರಸ ಬರುತ್ತದಲ್ಲ, ಸಾಗರದ ಹತ್ತಿರದ ಭೀಮನಕೋಣೆಯ ಚರಕ ಸಂಸ್ಥೆಯಲ್ಲಿ ಅಂಥ ಅಡಿಕೆ ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ.

ಈಗ ದುಡ್ಡಿನ ಮಾತು. ನಾನೂರು ರೂಪಾಯಿಯ ಟಾಪನ್ನು ಐದು ಸಲ ಹಾಕಿ ಬಿಟ್ಟರೆ ಒಂದು ಸಲಕ್ಕೆ ಎಂಬತ್ತು ರೂಪಾಯಿ ಬಿತ್ತು. ಬಟ್ಟೆ, ಹೊಲಿಗೆ ಸೇರಿ ಸಾವಿರದ ಇನ್ನೂರು ಕೊಟ್ಟ ಖಾದಿ ಕುರ್ತಾವನ್ನು ಅರವತ್ತು ಸಲ ಹಾಕಿದರೆ ಸಲಕ್ಕೆ ಇಪ್ಪತ್ತು. ಗಾಂಧಿ ಜಯಂತಿ ಹೊತ್ತಿಗೆ ಖಾದಿಗೆ ರಿಯಾಯಿತಿಯೂ ಇರುತ್ತದೆ. ಆದರೆ ಒಂದೇ ಸಲಕ್ಕೆ ಸಾವಿರದ ಇನ್ನೂರು ಕೊಡಲು ಆಗದ ಮನೆಗಳಿಗೆ ಈ ಪಾಠ ಹೇಳಲು ಹೋಗಬಾರದು. ಅವರು ಇರುವ ಬಟ್ಟೆಯನ್ನು ಹರಿಯುವವರೆಗೆ ಹಾಕುತ್ತಾರೆ, ಅಣ್ಣನದ್ದು ತಮ್ಮನಿಗೆ ಹೋಗುತ್ತದೆ. ಈ ಮಾತು ಸಂಬಳ ಬಂದ ವಾರವೇ ಆಫರ್ ನೋಡುವ ನಮಗೆ.

ಅಷ್ಟು ಅಗ್ಗಕ್ಕೆ ಬಟ್ಟೆ ಹೇಗೆ ಬರುತ್ತದೆ ಅಂತಲೂ ಕೇಳಿಕೊಳ್ಳಬೇಕು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿಯಿತು. ಸಾವಿರದ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಗಾರ್ಮೆಂಟ್ ಕೆಲಸಗಾರರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಕೆಲಸಕ್ಕೆ ಕರೆಸಿದ್ದರು. ಅಷ್ಟು ದೂರವೂ ಬೇಡ. 2016ರ ಏಪ್ರಿಲ್‌ನಲ್ಲಿ ಎರಡು ದಿನ ಬೆಂಗಳೂರಿನ ರಸ್ತೆಗೆ ಸಾವಿರಾರು ಗಾರ್ಮೆಂಟ್ ಹೆಣ್ಣುಮಕ್ಕಳು ಇಳಿದರಲ್ಲ, ತಮ್ಮದೇ ಪಿಎಫ್ ದುಡ್ಡು ತೆಗೆಯುವುದಕ್ಕೆ ಹೊಸ ನಿಯಮ ಅಡ್ಡ ಬಂತು ಅಂತ. ಕೇಂದ್ರ ಸರ್ಕಾರ ಆ ನಿಯಮ ಹಿಂದೆ ತೆಗೆದುಕೊಂಡಿತು. ನಮ್ಮ ಬಟ್ಟೆ ಹೊಲಿಯುವವರು ಯಾರು ಅಂತ ಆ ಎರಡು ದಿನ ಎಲ್ಲರಿಗೂ ಕಂಡಿತು.

ಇದನ್ನೆಲ್ಲ ಓದಿ ಮರುಗುವ ನಾವೇ, ಪಕ್ಕದ ಬೀದಿಯ ಟೈಲರ್ ಅಕ್ಕ ಲೈನಿಂಗ್ ಬ್ಲೌಸಿಗೆ ಐವತ್ತು ರೂಪಾಯಿ ಜಾಸ್ತಿ ಹೇಳಿದರೆ ಚೌಕಾಸಿಗೆ ಇಳಿಯುತ್ತೇವೆ. ಇದು ನನಗೆ ತುಂಬಾ ನೋವಿನ ವಿಷಯ. ದೊಡ್ಡ ಶೋರೂಮಿನಲ್ಲಿ ಚೀಟಿಯ ಬೆಲೆಗೆ ಮಾತಿಲ್ಲದೆ ಕಾರ್ಡ್ ಕೊಡುತ್ತೇವೆ. ಅಕ್ಕನ ಹತ್ತಿರ ಮಾತ್ರ 'ಹೋದ ಸಲ ಇಷ್ಟಿತ್ತಲ್ಲಕ್ಕ' ಅನ್ನುತ್ತೇವೆ. ಹಬ್ಬಕ್ಕೆ ಮೂರು ದಿನ ಇರುವಾಗ ಬಟ್ಟೆ ಕೊಟ್ಟು ಅರ್ಜೆಂಟ್ ಅನ್ನುತ್ತೇವೆ, ಅವರು ರಾತ್ರಿಯೆಲ್ಲ ಮಿಷನ್ ತುಳಿಯುತ್ತಾರೆ. ಹೊಲಿದದ್ದನ್ನು ತಿಂಗಳಾದರೂ ಒಯ್ಯುವುದಿಲ್ಲ, ದುಡ್ಡು ಅಲ್ಲಿಯವರೆಗೆ ಬಾಕಿ. ಕಣ್ಣೆದುರಿಗೆ ಇರುವವರ ಕೂಲಿಯಲ್ಲಿ ನ್ಯಾಯ ಇಲ್ಲದಿದ್ದರೆ ಎಥಿಕಲ್ ಫ್ಯಾಶನ್, ನ್ಯಾಯದ ಬಟ್ಟೆ ಅನ್ನುವ ಮಾತಿಗೆ ಏನು ಬೆಲೆ? ಹೊಲಿಯಲು ಕೊಡುವಾಗಲೇ ಅರ್ಧ ದುಡ್ಡು ಕೊಡಿ. ಚೆನ್ನಾಗಿ ಕೂತಿದ್ದರೆ ಇನ್ನಿಬ್ಬರಿಗೆ ಅವರ ಅಂಗಡಿ ತೋರಿಸಿ. ಮಕ್ಕಳಿಗೆ ಈ ಕೆಲಸ ಬೇಡ ಅಂತ ಬಹಳ ಟೈಲರ್‌ಗಳು ಹೇಳುತ್ತಾರೆ. ಯಾಕೆ ಅಂತ ನಮಗೆ ಗೊತ್ತೇ ಇದೆ.

ಆಲ್ಟರ್ ಕೆಲಸವನ್ನೂ ಸಣ್ಣದು ಅಂತ ನೋಡಬೇಡಿ. ಹಳೆ ಹೊಲಿಗೆ ಬಿಚ್ಚಿ ಸರಿ ಮಾಡುವುದು ಹೊಸದಕ್ಕಿಂತ ನಾಜೂಕಿನ ಕೆಲಸ. ಕಾಲರ್ ತೇಯ್ದ ಶರ್ಟಿನ ಕಾಲರ್ ಬಿಚ್ಚಿ ಮಗುಚಿ ಹೊಲಿದರೆ ಇನ್ನೆರಡು ವರ್ಷ ಬರುತ್ತದೆ. ಅಂಚು ಗಟ್ಟಿ ಇದ್ದು ಒಡಲು ಹಿಂಜಿದ ರೇಷ್ಮೆ ಸೀರೆಯಿಂದ ಮಗಳಿಗೆ ಲಂಗ ಆಗುತ್ತದೆ. ಮೆತ್ತಗಾದ ಹತ್ತಿ ಸೀರೆಗಳನ್ನು ಕೌದಿಗೆ ಎತ್ತಿಡಿ. ಕೌದಿ ಹೊಲಿಯುವವರಿಗೂ ಕೂಲಿ ಸರಿಯಾಗಿ ಕೊಡಿ, ಅದು ಬೆನ್ನು ಬಗ್ಗಿಸಿ ಕೈಯಲ್ಲಿ ಹಾಕುವ ಹೊಲಿಗೆ.

ಹೊಸ ಹತ್ತಿ ಬಟ್ಟೆಯನ್ನು ಹೊಲಿಯಲು ಕೊಡುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ. ಕುಗ್ಗುವಷ್ಟು ಮೊದಲೇ ಕುಗ್ಗಿಬಿಡುತ್ತದೆ. ರೇಷ್ಮೆಯನ್ನು ಹಳೆ ಪಂಚೆಯಲ್ಲಿ ಸುತ್ತಿಡಿ, ಆಗಾಗ ಮಡಿಕೆ ಬದಲಿಸಿ. ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಜರಿ ಮುರಿಯುತ್ತದೆ.

ಈ ಸಲದ ದೀಪಾವಳಿ ಬಟ್ಟೆಯನ್ನು ಮಹಾನವಮಿಗೆ ಮುಂಚೆಯೇ ಟೈಲರ್‌ಗೆ ಕೊಡಿ. ಹೋಗುವಾಗ ಬೀರುವಿನಲ್ಲಿ ಹಾಕದೆ ಬಿದ್ದಿರುವ ಎರಡು ಬಟ್ಟೆಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಇದನ್ನು ಏನು ಮಾಡಬಹುದು ಅಂತ ಅವರನ್ನೇ ಕೇಳಿ. ನಮಗೆ ಹೊಳೆಯದ್ದು ಅವರಿಗೆ ಹೊಳೆಯುತ್ತದೆ.