ಸತ್ಯಾಂಶ: ಹಾರ್ಡ್‌ನರ್ ಹೆಚ್ಚಿದಷ್ಟು ಫೈಬರ್ ಗಟ್ಟಿಯಾಗುವುದಿಲ್ಲ

ಫೈಬರ್ (ಫೈಬರ್‌ಗ್ಲಾಸ್) ಬಿರುಕಿಗೆ ಹಚ್ಚುವ ರೆಸಿನ್ ಎಂಬ ಅಂಟಿಗೆ, ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಜಾಸ್ತಿ ಬೆರೆಸಿದರೆ ಕಲ್ಲಿನಂತಾಗುತ್ತದೆ ಎಂಬ ವಾಟ್ಸಾಪ್ ಸಂದೇಶ ತಪ್ಪು. ಬೇಗ ಬಿಗಿಯುವುದನ್ನು ಕಂಡವರಿಗೆ ಹಾಗನ್ನಿಸುವುದು ಸಹಜ.

ಪಾಲಿಯೆಸ್ಟರ್ ರೆಸಿನ್ 100 ಗ್ರಾಂಗೆ ಸಾಮಾನ್ಯವಾಗಿ 1ರಿಂದ 2 ಗ್ರಾಂ ಹಾರ್ಡ್‌ನರ್ ಸಾಕು. ವಿಜಯಪುರದ 40 ಡಿಗ್ರಿ ಬಿಸಿಲಿಗೆ ಕಡಿಮೆ ಅಳತೆಯೇ ಲೇಸು. ಹೆಚ್ಚಾದರೆ ಮಿಶ್ರಣ ವಿಪರೀತ ಕಾಯ್ದು, ಕುಗ್ಗಿ, ಸೀಳುತ್ತದೆ. ಇನ್ನೊಂದು ಬಗೆಯ ರೆಸಿನ್ ಆದ ಎಪಾಕ್ಸಿಯ ಅಳತೆಯಂತೂ ಡಬ್ಬಿಯ ಮೇಲಿದ್ದಷ್ಟೇ ಇರಬೇಕು. ಹೆಚ್ಚುವರಿ ಹಾರ್ಡ್‌ನರ್ ಕೂಡಿಕೊಳ್ಳದೆ ಒಳಗೇ ಉಳಿದು ಬೆಸುಗೆಯನ್ನು ದುರ್ಬಲಗೊಳಿಸುತ್ತದೆ.

ಪರೀಕ್ಷಿಸುವುದು ಸುಲಭ. ಹಳೆಯ ಫೈಬರ್ ತುಂಡನ್ನು 80 ನಂಬರಿನ ಉಜ್ಜುಕಾಗದದಿಂದ ತಿಕ್ಕಿ, ಧೂಳು ಒರೆಸಿ, ಡಬ್ಬಿಯ ಅಳತೆಯಷ್ಟು ಹಾರ್ಡ್‌ನರ್ ಬೆರೆಸಿದ ಎಪಾಕ್ಸಿಯನ್ನೂ ಅದರ ಎರಡು ಪಟ್ಟು ಬೆರೆಸಿದ್ದನ್ನೂ ಪಕ್ಕಪಕ್ಕ ತೆಳ್ಳಗೆ ಹಚ್ಚಿ. ಮರುದಿನ ಉಳಿಯಿಂದ ಎಬ್ಬಿಸಿ, ಯಾವುದು ಸುಲಭವಾಗಿ ಕಿತ್ತು ಬರುತ್ತದೆ ನೋಡಿ.