ಕೂಲರ್ ಬಂದ್ ಮಾಡ್ರಿ, ಟೋನ್ ಬರಾಕತ್ತೈತಿ

ಮನೆಯ ಸಿನೆಮಾ ಸ್ಪೀಕರುಗಳನ್ನೆಲ್ಲ ನಡೆಸುವ ಪೆಟ್ಟಿಗೆಯೇ ಎವಿ ರಿಸೀವರ್. ಟೋನ್ ನುಡಿಸಿ, ಅಳೆದು, ಕೋಣೆಗೆ ತಕ್ಕಂತೆ ಸ್ಪೀಕರುಗಳನ್ನು ಹೊಂದಿಸಲೆಂದು ಅದರ ಡಬ್ಬಿಯಲ್ಲಿ ಬರುವ ಆ ಪುಟ್ಟ ಮೈಕಿಗೆ ರಾಯಚೂರಿನ ಮೇ ತಿಂಗಳು ಏನೆಂದು ಗೊತ್ತಿಲ್ಲ. ಅದು ಕೇಳುವುದು ಒಂದೇ, ಗಪ್‌ಚಿಪ್. ಹೊರಗೆ 42 ಡಿಗ್ರಿ, ಒಳಗೆ ಕಿಟಕಿಗೆ ಕೂತ ಕೂಲರ್ ಗೊರಗೊರ ಎನ್ನುತ್ತಿರುತ್ತದೆ. ಇಂಥಾದ್ದರಲ್ಲಿ ಅಳತೆ ಶುರು ಮಾಡಿದರೆ ಒಳ್ಳೆಯ ರಿಸೀವರ್ ಆದರೆ 'ಗದ್ದಲ ಹೆಚ್ಚಿದೆ' ಎಂದು ನಿಲ್ಲುತ್ತದೆ. ಸಂಕೋಚದ ಸ್ವಭಾವದ್ದಾದರೆ ಬಾಯಿ ಬಿಡದೆ ತಪ್ಪು ಲೆಕ್ಕ ಬರೆದುಕೊಳ್ಳುತ್ತದೆ. ಕೂಲರಿನ ಗೊರಕೆಯಲ್ಲಿ ಕೆಳಗಿನ ಸ್ವರಗಳೂ ಇರುವುದರಿಂದ ಮೊದಲು ಕೆಡುವುದು ಸಬ್‌ವೂಫರಿನ, ಅಂದರೆ ಬೇಸ್ ನುಡಿಸುವ ಡಬ್ಬಿಯ ಲೆಕ್ಕ.

ಹಾಗಾಗಿ ಕೂಲರ್ ಬಂದ್, ಫ್ಯಾನ್ ಬಂದ್. ಹಾಲ್‌ನಲ್ಲೇ ಫ್ರಿಜ್ ಇದ್ದರೆ ಅದೂ ಬಂದ್. ಬಂದ್ ಮಾಡಿದ್ದನ್ನು ಮರೆತರೆ ಮರುದಿನ ಹಾಲು ಒಡೆದು ನೆನಪಿಸುತ್ತದೆ. ಆರೋ ಎಂಟೋ ಜಾಗದಲ್ಲಿ ಮೈಕ್ ಇಟ್ಟು ಅಳೆಯಲು ಇಪ್ಪತ್ತು ನಿಮಿಷವಾದರೂ ಬೇಕು. ಮನೆಮಂದಿಯೆಲ್ಲ ಬೆವರು ಸುರಿಸುತ್ತ, ಕೆಮ್ಮನ್ನೂ ನುಂಗಿಕೊಂಡು ಕೂತಿರುತ್ತಾರೆ. ಐದನೇ ಜಾಗಕ್ಕೆ ಬರುವ ಹೊತ್ತಿಗೆ ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯುತ್ತದೆ. ಆ ಜಾಗದ ಅಳತೆ ಮತ್ತೆ ಮೊದಲಿನಿಂದ. ಬೆಳಗಿನ ಐದು ಗಂಟೆ ಇದಕ್ಕೆ ಪ್ರಶಸ್ತ. ಆದರೆ ಆ ಹೊತ್ತಿನಲ್ಲಿ 'ಊಊಪ್' ಎಂದು ಏರುವ ಟೋನ್ ಕೇಳಿ ಓಣಿಯವರು ಬಾಗಿಲಿಗೆ ಬಂದರೆ ಉತ್ತರ ಸಿದ್ಧ ಇರಲಿ.

ಮೈಕ್ ಕೂತವರ ಕಿವಿಯ ಎತ್ತರದಲ್ಲಿರಬೇಕು. ಸೋಫಾದ ಬೆನ್ನ ಮೇಲೆ ಒರಗಿಸಿದರೆ ಆ ಬೆನ್ನಿಗೆ ಬಡಿದು ಬಂದ ಸದ್ದೂ ಲೆಕ್ಕಕ್ಕೆ ಸೇರುತ್ತದೆ. ಕೈಯಲ್ಲಿ ಹಿಡಿಯುವುದಂತೂ ಬೇಡವೇ ಬೇಡ. ಕ್ಯಾಮೆರಾ ಸ್ಟ್ಯಾಂಡ್ ಒಂದು ಇದ್ದರೆ ಸಾಕು. ಯಾವ ಸ್ಪೀಕರ್ ಎಷ್ಟು ದೂರ ಎಂಬ ಲೆಕ್ಕವನ್ನು ರಿಸೀವರ್ ಸಾಮಾನ್ಯವಾಗಿ ಮೊದಲ ಜಾಗದಿಂದಲೇ ಹಿಡಿಯುತ್ತದೆ. ಆದ್ದರಿಂದ ಮನೆಯಲ್ಲಿ 'ಮುಖ್ಯ ಸೀಟು' ಯಾರದು ಎಂಬ ಪಂಚಾಯ್ತಿ ಟೋನ್ ಬರುವ ಮೊದಲೇ ಮುಗಿದಿರಲಿ. ಅಂದಹಾಗೆ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್ ಓಡುವ ಶಬ್ದ, 42 ಡಿಗ್ರಿಯಲ್ಲಿ ಸುಮಾರು 356 ಮೀಟರ್ ಓಡುತ್ತದೆ. ನಮ್ಮ ಬಿಸಿಲಿಗೆ ಚುರುಕಾಗುವುದು ಇದೊಂದೇ. ಸ್ಪೀಕರುಗಳ ನಡುವೆ ಒಂದು ಮೀಟರ್ ದೂರದ ವ್ಯತ್ಯಾಸವಿದ್ದರೂ ಲೆಕ್ಕ ತಪ್ಪುವುದು 0.1 ಮಿಲಿಸೆಕೆಂಡಿನಷ್ಟು. ಬಿಟ್ಟುಬಿಡಿ.

ಬಿಡಲಾಗದ್ದು ಕೋಣೆ. ನೆಲಕ್ಕೆ ಶಹಾಬಾದ್ ಪರಸಿ, ಮೇಲೆ ಆರ್‌ಸಿಸಿ, ನಾಲ್ಕೂ ಕಡೆ ನುಣ್ಣನೆ ಗಿಲಾವು. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. 'ಟರ್‍ರ್' ಎಂದು ಬಾಲ ಎಳೆದುಕೊಂಡು ಹೋಯಿತೇ? ಅದೇ ಬಾಲ ಪ್ರತಿ ಡೈಲಾಗಿಗೂ ಅಂಟಿಕೊಳ್ಳುತ್ತದೆ. "ಏನಂದ ಅವ?" ಎಂದು ಅಜ್ಜಿ ಪ್ರತಿ ಸೀನಿಗೂ ಕೇಳಿದರೆ ಅವರ ಕಿವಿಯನ್ನು ದೂರಬೇಡಿ. ಅಟ್ಟದ ಮೇಲಿನ ಕೌದಿ ಇಳಿಸಿ. ಹಳೆ ಸೀರೆ, ಧೋತರ ಪದರಪದರವಾಗಿ ಸೇರಿಸಿ ಹೊಲಿದ ಕೌದಿಗಿಂತ ಅಗ್ಗದ, ಸದ್ದು ಹೀರುವ ಅಕೌಸ್ಟಿಕ್ ಪ್ಯಾನೆಲ್ ಈ ಸೀಮೆಯಲ್ಲಿ ಸಿಗುವುದಿಲ್ಲ. ಎಲ್ಲಿ ತೂಗಬೇಕು ಎಂಬುದಕ್ಕೆ ಕನ್ನಡಿ ಬೇಕು. ನೀವು ಸೀಟಿನಲ್ಲಿ ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಯುದ್ದಕ್ಕೂ ಕನ್ನಡಿ ಸರಿಸಲಿ. ಅದರಲ್ಲಿ ಸ್ಪೀಕರ್ ಕಾಣುವ ಜಾಗವೇ ಕೌದಿಯ ಜಾಗ. ಗೋಡೆಗೆ ಅಂಟಿಸದೆ ಎರಡು ಮೂರು ಇಂಚು ಬಿಟ್ಟು ತೂಗಿದರೆ ಇನ್ನೂ ಚೆನ್ನ. ನೆಲಕ್ಕೊಂದು ಜಮಖಾನ.

ಬೇಸ್ ಮಾತ್ರ ಕೌದಿಗೆ ಹೆದರುವ ಪೈಕಿ ಅಲ್ಲ. 12 ಅಡಿ ಉದ್ದ, 12 ಅಡಿ ಅಗಲದ ಚೌಕ ಹಾಲ್ ವಾಸ್ತುವಿಗೆ ಶುಭ ಇರಬಹುದು, ಸಬ್‌ವೂಫರಿಗೆ ಅಲ್ಲ. ಉದ್ದಕ್ಕೂ ಅಗಲಕ್ಕೂ ಒಂದೇ 47 ಹರ್ಟ್ಸ್ ಆಸುಪಾಸಿನ ಸ್ವರ ಗುಂಯ್‌ಗುಡುತ್ತದೆ. ಸೋಫಾ ಗೋಡೆಗೆ ತಾಗಿದ್ದರೆ ಹೊಟ್ಟೆಯೊಳಗೆ ಡೊಳ್ಳು ಬಾರಿಸಿದಂತೆ. ನಟ್ಟನಡುವೆ ಎಳೆದರೆ ಅದೇ ಸ್ವರ ಮಾಯ. ಹಿಂದಿನ ಗೋಡೆಯಿಂದ ನಾಲ್ಕು, ನಾಲ್ಕೂವರೆ ಅಡಿ ಮುಂದೆ ಬಂದರೆ ಒಂದು ಹದಕ್ಕೆ ಬರುತ್ತದೆ. ಸಬ್‌ವೂಫರನ್ನು ಎಲ್ಲಿಡಬೇಕೆಂಬುದಕ್ಕೆ ಹಳೆಯ ಉಪಾಯ ಒಂದಿದೆ. ಅದನ್ನು ಎತ್ತಿ ಸೋಫಾದ ಮೇಲೆ ಕೂರಿಸಿ, ಬೇಸ್ ಇರುವ ಹಾಡು ಹಾಕಿ, ನೀವು ಗೋಡೆಯಂಚಿಗೆ ಅಂಬೆಗಾಲಿಡುತ್ತ ಸುತ್ತಿ. ಬೇಸಿನ ಎಲ್ಲ ಸ್ವರಗಳೂ ಸಮನಾಗಿ ಕೇಳುವ ಮೂಲೆಯೇ ಅದರ ಮನೆ. ಡಬ್ಬಿ ಸೋಫಾದ ಮೇಲೆ, ಯಜಮಾನರು ನೆಲದ ಮೇಲೆ. ಬೀಗರು ಬರುವ ದಿನ ಬೇಡ.

ಮೈಕ್ ಕೆಲಸ ಮುಗಿದ ಮೇಲೂ ಒಮ್ಮೆ ಮೆನು ಒಳಗೆ ಹೋಗಿ ನೋಡಿ. ಮುಂದಿನ ಸ್ಪೀಕರುಗಳನ್ನು 'ಲಾರ್ಜ್' ಎಂದು ಬರೆದುಕೊಂಡಿದ್ದರೆ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್ ಇಡಿ. ಅದಕ್ಕಿಂತ ಕೆಳಗಿನ ಸ್ವರಗಳು ಆಗ ಸಬ್‌ವೂಫರಿನ ಪಾಲು. ಆಳೆತ್ತರದ ಸ್ಪೀಕರನ್ನು ಸ್ಮಾಲ್ ಎನ್ನುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಆದರೆ ಇದು ಮರ್ಯಾದೆಯ ಪ್ರಶ್ನೆ ಅಲ್ಲ, ಭಾರ ಯಾರು ಹೊರಬೇಕೆಂಬ ಪ್ರಶ್ನೆ. ಸಬ್‌ವೂಫರಿನ ದೂರ ಟೇಪಿನಲ್ಲಿ ಅಳೆದದ್ದಕ್ಕಿಂತ ಹೆಚ್ಚು ತೋರಿಸಿದರೆ ತಿದ್ದಬೇಡಿ. ಅದರೊಳಗಿನ ಸರ್ಕ್ಯೂಟ್ ಮಾಡುವ ತಡವನ್ನೂ ರಿಸೀವರ್ ದೂರವೆಂದೇ ಎಣಿಸಿರುತ್ತದೆ. ಬೇಸ್ ತೆಳ್ಳಗಾಗಿ, ಹಾಡುವವರು ಎಲ್ಲಿದ್ದಾರೆಂದೇ ತಿಳಿಯದಿದ್ದರೆ ಒಂದು ಸ್ಪೀಕರಿನ ಕೆಂಪು ಕಪ್ಪು ವೈರ್ ಅದಲು ಬದಲಾಗಿದೆ. ಡೈಲಾಗ್ ಇನ್ನೂ ಮಂಕಾದರೆ ಮಾತು ನುಡಿಸುವ ನಡುವಿನ ಸೆಂಟರ್ ಸ್ಪೀಕರನ್ನು 2 ಡೆಸಿಬಲ್ ಏರಿಸಿ. ಅದಕ್ಕೂ ಮೊದಲು ಶೋಕೇಸಿನಲ್ಲಿ ಸ್ಟೀಲ್ ಡಬ್ಬಿ, ಹಿತ್ತಾಳೆ ಗಣಪ, ಟ್ರೋಫಿಗಳ ನಡುವೆ ತುರುಕಿದ ಆ ಸ್ಪೀಕರನ್ನು ಅಂಚಿಗೆ ತನ್ನಿ. 20ರಿಂದ 120 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರುವ ಟೋನ್ ಹಾಕಿದರೆ ಯಾವ ಡಬ್ಬಿ ಯಾವ ಸ್ವರಕ್ಕೆ ಕುಣಿಯುತ್ತದೆಂದು ಗೊತ್ತಾಗುತ್ತದೆ. ಹಳೆ ಸೈಕಲ್ ಟ್ಯೂಬಿನ ತುಂಡು ಕೆಳಗಿಟ್ಟರೆ ಸುಮ್ಮನಾಗುತ್ತವೆ.

ಇನ್ನು ಚಿತ್ರ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಕಣ್ಣಿಗೆ ರಾಚಲೆಂದು ಇರುವ ವಿವಿಡ್ ಮೋಡ್ ಮನೆಯಲ್ಲಿ ಮನುಷ್ಯರನ್ನೂ ಕಿನ್ನಾಳದ ಗೊಂಬೆಯಂತೆ ತೋರಿಸುತ್ತದೆ. ಗೊಂಬೆಗೆ ಆ ಬಣ್ಣ ಚೆಂದ, ಹೀರೊನ ಕೆನ್ನೆಗಲ್ಲ. ಸಿನೆಮಾ ಮೋಡ್‌ಗೆ ಹಾಕಿ, ಕಲರ್ ಟೆಂಪರೇಚರ್ ವಾರ್ಮ್ ಮಾಡಿ. ಆಗ ಬಿಳಿ, ಸಿನೆಮಾ ಮಾಡುವವರು ಬಿಳಿ ಎನ್ನುವ 6500 ಕೆಲ್ವಿನ್ ಹತ್ತಿರ ಬರುತ್ತದೆ. ತಕ್ಷಣ "ಅರಿಶಿನ ಹಚ್ಚಿದಂಗ ಆತಲ್ಲ" ಎಂಬ ದೂರು ಬರುತ್ತದೆ. ನೀಲಿ ಹಾಕಿ ಒಗೆದ ಧೋತರವನ್ನೇ ಬಿಳಿ ಎಂದು ನಂಬಿದ ಕಣ್ಣು ಅದು. ಎರಡು ಮೂರು ದಿನ ಕೊಡಿ. ಬ್ರೈಟ್‌ನೆಸ್ ಎಂಬುದು ಕಪ್ಪಿನ ಗುಂಡಿ, ಕಾಂಟ್ರಾಸ್ಟ್ ಎಂಬುದು ಬಿಳಿಯ ಗುಂಡಿ. ಹೆಸರಿಟ್ಟವರಿಗೆ ನಮಸ್ಕಾರ. ಅಂಕಿ ಬರೆದ ಕಪ್ಪು ಪಟ್ಟಿಗಳಿರುವ ಟೆಸ್ಟ್ ಪ್ಯಾಟರ್ನ್ ಚಿತ್ರದಲ್ಲಿ 16 ಎಂದಿರುವ ಪಟ್ಟಿ ಕತ್ತಲಲ್ಲಿ ಕರಗಿ, 18 ಎಂದಿರುವುದು ಇಣುಕುವಷ್ಟು ಬ್ರೈಟ್‌ನೆಸ್ ಇಡಿ. ಶಾರ್ಪ್‌ನೆಸ್ ಸೊನ್ನೆಗೆ ತನ್ನಿ. ಕೆಲವು ಟಿವಿಗಳಲ್ಲಿ ಮಾತ್ರ ಸಹಜ ಅಂಕಿ ನಡುವೆ ಇರುತ್ತದೆ. ಚಲನೆಯನ್ನು ನಯ ಮಾಡುವ ಮೋಷನ್ ಸ್ಮೂದಿಂಗ್ ಆಫ್, ಇಲ್ಲದಿದ್ದರೆ ಕೋಟಿಗಟ್ಟಲೆ ಸುರಿದ ಸಿನೆಮಾ ಸಂಜೆಯ ಧಾರಾವಾಹಿಯಂತೆ ಕಾಣುತ್ತದೆ. ಇದೆಲ್ಲ ರಾತ್ರಿ ಮಾಡುವ ಕೆಲಸ, ಟಿವಿ ಅರ್ಧ ಗಂಟೆ ಉರಿದ ಮೇಲೆ.

ತುಟಿ ಮತ್ತು ಮಾತು ಕೂಡಿ ಬರುತ್ತಿವೆಯೇ ಎಂಬುದು ಕೊನೆಗೆ. ದೂರದ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವವರ ಕೈ ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಹಾಗಾಗಿ ಶಬ್ದ ತುಸು ತಡವಾದರೆ ಮಿದುಳು ಸಹಿಸುತ್ತದೆ. ಮೊದಲೇ ಬಂದರೆ 45 ಮಿಲಿಸೆಕೆಂಡಿಗೇ ತಕರಾರು. ಟಿವಿ ಚಿತ್ರವನ್ನು ತಿದ್ದುತ್ತ ಕೂತಾಗ ಮಾತು ಮುಂದೆ ಓಡಿಬಿಡುತ್ತದೆ. ಶಬ್ದವನ್ನು ತಡಮಾಡುವ ರಿಸೀವರಿನ ಲಿಪ್‌ಸಿಂಕ್‌ನಲ್ಲಿ ಹತ್ತು ಹತ್ತು ಮಿಲಿಸೆಕೆಂಡ್ ಏರಿಸುತ್ತ ಕೂಡಿಸಿ.

ಎಲ್ಲ ಅಂಕಿಗಳನ್ನು ಚೀಟಿಯಲ್ಲಿ ಬರೆದು ಶೋಕೇಸ್ ಬಾಗಿಲ ಒಳಗೆ ಅಂಟಿಸಿ. ರಜೆಗೆ ಬಂದ ಅಳಿಯ "ಯಾಕ್ರಿ ಮಾವಾರ, ಟಿವಿ ಹಳದಿಗಟ್ಟೈತಲ್ಲ" ಎಂದು ಎರಡೇ ಬಟನ್ನಿನಲ್ಲಿ ವಿವಿಡ್‌ಗೆ ಹಾಕುತ್ತಾನೆ. ಅವನೆದುರು ಚೀಟಿ ತೆಗೆಯುವಂತಿಲ್ಲ. ಬಸ್ ಹತ್ತಿಸಿ ಬಂದ ಮೇಲೆ ತೆಗೆಯಿರಿ.