ಸೋರುವ ಜಾಗ ಬಿಟ್ಟು

ಆರಿದ್ರಾ ಮಳೆಗೆ ಕಾರವಾರದ ಬಸ್ಸು ತಪ್ಪಿತು. ಕೊಡೆ ಇದ್ದೂ ಸೊಂಟದಿಂದ ಕೆಳಗೆ ಪೂರ್ತಿ ಒದ್ದೆ. ಎದುರಿಗೇ ನಮ್ಮೂರಿನ ಹಳೇ ಲೈಬ್ರರಿ. ಓದಲಿಕ್ಕೆ ಹೋದೆ ಎಂದರೆ ಸುಳ್ಳಾಗುತ್ತದೆ. ಜಗುಲಿ ಹತ್ತಿಸಿದ್ದು ಮಳೆ. ಅಲ್ಲಿ ನನ್ನಂಥವರೇ ಆರೇಳು ಮಂದಿ ಇದ್ದರು. ಮೀನು ಮಾರುವ ಅಮ್ಮ ಒಬ್ಬರು ಬುಟ್ಟಿ ಇಳಿಸಿ ಸಿಂಬಿ ಹಿಂಡುತ್ತಿದ್ದರು. ಪೇಪರ್ ಹಿಡಿದಿದ್ದವರ ಕಣ್ಣೆಲ್ಲ ರಸ್ತೆಯ ಮೇಲೆ.

ಈ ಕಟ್ಟಡ ಕಟ್ಟಿದವರ ತಲೆಯಲ್ಲಿ ಪುಸ್ತಕಕ್ಕಿಂತ ಮಳೆಯೇ ಜಾಸ್ತಿ ಇತ್ತು ಅಂತ ನನ್ನ ಗುಮಾನಿ. ಒಳಗೆ ಬರಲು ಐದು ಮೆಟ್ಟಿಲು ಹತ್ತಬೇಕು. ಸೂರು ಜಗುಲಿಯನ್ನೂ ದಾಟಿ ಎಷ್ಟು ಕೆಳಗೆ ಇಳಿದಿದೆ ಎಂದರೆ, ಉದ್ದನೆಯ ಮನುಷ್ಯರು ತಲೆ ಬಗ್ಗಿಸಿಯೇ ಬರಬೇಕು. ಕಿಟಕಿಗೆ ಮರದ ಅಡ್ಡಪಟ್ಟಿ. ಗಾಳಿ ಒಳಗೆ ಬರುತ್ತದೆ, ಇರಚಲು ಹೊರಗೇ ನಿಲ್ಲುತ್ತದೆ.

ಗೋಡೆ ಚಿರೆಕಲ್ಲಿನದು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿರುವ ಈ ಕಲ್ಲು ಗಾಳಿ ತಾಗುತ್ತಾ ತಾಗುತ್ತಾ ಗಟ್ಟಿಯಾಗುತ್ತದೆ. ಬುಕನನ್ ಎಂಬ ಸಾಹೇಬ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಹೋದ. 1807ರಲ್ಲಿ ತನ್ನ ಪ್ರವಾಸದ ವರದಿ ಅಚ್ಚು ಹಾಕಿಸುವಾಗ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ‘ಲೇಟರ್’ ಅನ್ನುತ್ತಾರಂತೆ, ಅದರಿಂದ. ನಮ್ಮವರನ್ನು ಕೇಳಿದ್ದರೆ ಅಷ್ಟು ದೂರ ಹೋಗುವ ಕೆಲಸವೇ ಇರಲಿಲ್ಲ.

ಮಾಡಿನ ಮೇಲಿರುವುದು ಮಂಗಳೂರು ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯ ಸೋಗೆ ಮಾಡುಗಳೆಲ್ಲ ಒಂದೊಂದೇ ಕೆಂಪಾದವು. ಆದರೆ ಎಂಥ ಹೆಂಚಾದರೂ ಮಂಗ ಹಾರಿದ ಮೇಲೆ ಸೋರಲೇಬೇಕು, ಅಲ್ವಾ?

ಮಜಾ ಶುರುವಾಗುವುದು ಇಲ್ಲಿಂದ. 1876ರಲ್ಲಿ ಅಮೆರಿಕದ ಡ್ಯೂಯಿ ಎಂಬಾತ ಲೈಬ್ರರಿಯ ಪುಸ್ತಕ ಜೋಡಿಸಲಿಕ್ಕೆಂದು ಲೋಕದ ವಿದ್ಯೆಯನ್ನೆಲ್ಲ ಹತ್ತು ಪಾಲು ಮಾಡಿ ನಂಬರು ಕೊಟ್ಟ. ಆ ಲೆಕ್ಕದಲ್ಲಿ ಕನ್ನಡ ಸಾಹಿತ್ಯ 894.814. ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಿದ್ದೂ ಹಾಗೆಯೇ. ಕಪಾಟುಗಳು ನಿಂತಿರುವುದು ಮಾತ್ರ ಸೋರುವ ಜಾಗ ಬಿಟ್ಟು. ಚರಿತ್ರೆ ಹೋಗಿ ಅಡುಗೆಯ ಪಕ್ಕ ಸೇರಿಕೊಂಡಿದೆ. ಕಾನೂನು, ಮಕ್ಕಳ ಕತೆ ಒಂದೇ ಗೋಡೆಗೆ ಒರಗಿವೆ. ಒಳ್ಳೇ ಒಣ ಮೂಲೆ ಸಿಕ್ಕಿರುವುದು ಪರೀಕ್ಷೆಯ ಗೈಡುಗಳಿಗೆ. ನೌಕರಿ ಹುಡುಕುವವರು ಬೆಳಿಗ್ಗೆಯೇ ಬಂದು ಅಲ್ಲಿ ಕುರ್ಚಿ ಹಿಡಿಯುತ್ತಾರೆ. ಒಂದು ಕಡೆ ಹೆಂಚಿನ ಸಂದಿಗೆ ಅಡಿಕೆ ಹಾಳೆ ಸಿಕ್ಕಿಸಿ, ನೀರನ್ನು ಉಪಾಯವಾಗಿ ಕಿಟಕಿಯಾಚೆ ದಾಟಿಸಿದ್ದಾರೆ. ಡ್ಯೂಯಿಗೆ ಹೊಳೆಯದ ವಿದ್ಯೆ.

ಹಿಂದಿನ ಕೋಣೆಯಲ್ಲಿ ಒಂದು ಕಪಾಟಿನ ತುಂಬ ಮರಾಠಿ ಪುಸ್ತಕ. ಚಿಕ್ಕವನಿದ್ದಾಗ ಇವು ದಾರಿ ತಪ್ಪಿ ಬಂದವು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1956ರ ತನಕ ನಾವು ಅಲ್ಲಿಯವರೇ. ಅಜ್ಜನ ಕಾಲದಲ್ಲಿ ಇಲ್ಲಿ ಕೂತು ಮರಾಠಿ ಓದಿದವರು ಎಷ್ಟು ಮಂದಿಯೋ! ಈಗ ಆ ಕಪಾಟು ತೆರೆದರೆ ಮೂಗಿಗೆ ಬರುವುದು ನುಸಿಗುಳಿಗೆ ಮತ್ತು ಬೂಷ್ಟಿನ ವಾಸನೆ. ನನಗೇನೋ ಅದು ಇಷ್ಟ. ಹೆಂಡತಿ ಕೇಳಿದರೆ ನಗುತ್ತಾಳೆ.

ಇದೆಲ್ಲ ನೋಡಿಕೊಂಡು ಬೇರೆಯವರನ್ನು ದೂರುವ ಹಾಗೂ ಇಲ್ಲ. 1965ರ ಕಾಯ್ದೆಯಿಂದ ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ, ಈಗ ರೂಪಾಯಿಗೆ ಆರು ಪೈಸೆ. ಆ ಲೆಕ್ಕದಲ್ಲಿ ಒಂದೆರಡು ಹೆಂಚು ನನ್ನವೂ ಇರಬೇಕು. ಸೋರುವವು ಅವೇ ಇದ್ದರೂ ಇರಬಹುದು.

ಮಳೆ ಸ್ವಲ್ಪ ಹೊಳವಾಯಿತು. ಮೀನಿನ ಅಮ್ಮ ಬುಟ್ಟಿ ಹೊತ್ತು ಇಳಿದು ಹೋದರು. ಇಷ್ಟು ಹೊತ್ತು ಸುಮ್ನೆ ಕೂತೆನಲ್ಲ ಎಂದು ನಾಚಿಕೆಯಾಗಿ, ಮೇಜಿನ ಹತ್ತಿರ ಹೋಗಿ ಕವನ ಸಂಗ್ರಹಗಳು ಎಲ್ಲಿವೆ ಅಂತ ಕೇಳಿದೆ. ಲೈಬ್ರರಿಯವರು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ.

“ಕವನವಾ? ಆ ಬಾಲ್ದಿ ಸರಿಸಿ ಮಾರಾಯ್ರೆ, ಅದರ ಹಿಂದೆಯೇ ಉಂಟು.”